ಬೆನ್ನುನೋವೂ ತಾಳ್ಮೆಯೂ

ಬೆನ್ನು, ನಡು, ಟೊಂಕ ಇವುಗಳಲ್ಲಿ ನಮ್ಮ ಭಾಷೆಗೆ ಬಹಳ ನಂಬಿಕೆ. ಕೆಲಸಕ್ಕೆ ಸಿದ್ಧನಾದವನು ಟೊಂಕ ಕಟ್ಟಿ ನಿಲ್ಲುತ್ತಾನೆ. ಕಷ್ಟಕಾಲದಲ್ಲಿ ನೆರವಾಗುವವನು ಬೆನ್ನಿಗೆ ನಿಲ್ಲುತ್ತಾನೆ. ಮನೆಗೆ ಆಧಾರವಾದವರನ್ನು ಆ ಮನೆಯ ಬೆನ್ನೆಲುಬು ಎನ್ನುತ್ತೇವೆ. ಅಂಥ ಬೆನ್ನೇ ಮುನಿಸಿಕೊಂಡಾಗ ನೋವಿನ ಜೊತೆಗೆ ಒಂದು ಬಗೆಯ ಸಂಕೋಚವೂ ಸೇರಿಕೊಳ್ಳುತ್ತದೆ. ಕೆಳಗೆ ಬಿದ್ದ ಸೀಮೆಸುಣ್ಣವನ್ನು ಎತ್ತಿಕೊಡಲು ಹುಡುಗನನ್ನು ಕರೆಯಬೇಕು. ಸ್ನಾನದ ನೀರು ತೋಡಿಕೊಡಲು ಮನೆಯವರನ್ನು ಕರೆಯಬೇಕು.

ಈ ಸಂಕಟದಲ್ಲಿ ಯಾರೂ ಒಂಟಿಯಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತೆಂದು ಅಂದಾಜು ಮಾಡಿದ್ದಾರೆ. ಬಹುಪಾಲು ಜನರಲ್ಲಿ ಇದಕ್ಕೆ ಇಂಥದೇ ಒಂದು ದೊಡ್ಡ ರೋಗ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಹೊಸದಾಗಿ ಬಂದ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ವೈದ್ಯರು ಫಿಸಿಯೋಥೆರಪಿಗೆ, ಎಂದರೆ ಅಂಗಸಾಧನೆಯ ಚಿಕಿತ್ಸೆಗೆ, ಕಳುಹಿಸುತ್ತಾರೆ. ನಿಜವಾದ ಪರೀಕ್ಷೆ ಆಗ ಮೊದಲಾಗುತ್ತದೆ. ಮೊದಲ ವಾರ ಉತ್ಸಾಹ. ಮೂರನೆಯ ವಾರ ಸಂಶಯ. ಆರನೆಯ ವಾರ, “ಇದರಿಂದ ಏನೂ ಆಗಲಿಲ್ಲ” ಎಂಬ ತೀರ್ಮಾನ. ಅಲ್ಲಿಗೆ ಚಾಪೆ ಸುತ್ತಿ ಮೂಲೆ ಸೇರುತ್ತದೆ.

ಗುಣ ಏಕೆ ಇಷ್ಟು ನಿಧಾನ? ಬೆನ್ನಿನ ಮಣಿಗಳ ನಡುವೆ ಇರುವ ಮೆತ್ತೆಗಳಿಗೆ ವಯಸ್ಕರಲ್ಲಿ ರಕ್ತನಾಳಗಳ ನೇರ ಸಂಪರ್ಕ ಬಹಳ ಕಡಮೆ. ಅಕ್ಕಪಕ್ಕದ ಮೂಳೆಗಳಿಂದ ಜಿನುಗಿ ಬರುವ ಪೋಷಣೆಯಲ್ಲಿಯೇ ಅವು ಬದುಕಬೇಕು. ನಾಲೆಯ ಕೊನೆಯ ಗದ್ದೆಗೆ ನೀರು ತಡವಾಗಿ ತಲಪುವುದಿಲ್ಲವೆ, ಹಾಗೆ. ಇನ್ನು ಸ್ನಾಯುಗಳ ಮಾತು. ವ್ಯಾಯಾಮದ ಮೊದಲ ವಾರಗಳಲ್ಲಿ ಹೆಚ್ಚುವ ಬಲವೆಲ್ಲ ಬಹುಮಟ್ಟಿಗೆ ನರಗಳು ಸ್ನಾಯುವನ್ನು ದುಡಿಸಿಕೊಳ್ಳಲು ಕಲಿತುದರ ಫಲ. ಸ್ನಾಯುವೇ ಪುಷ್ಟಿಯಾಗಲು ಮತ್ತೆ ಅನೇಕ ವಾರಗಳು ಬೇಕು. ಮೂರನೆಯದು, ಬಹುಕಾಲ ನೊಂದ ನರಮಂಡಲ ಅತಿ ಎಚ್ಚರದಿಂದಿರುತ್ತದೆ. ಒಮ್ಮೆ ಕಳ್ಳನನ್ನು ಕಂಡ ನಾಯಿ ಅಂಚೆಯವನಿಗೂ ಬೊಗಳುವಂತೆ, ಅಪಾಯವಿಲ್ಲದ ಚಲನೆಗೂ ಅದು ನೋವಿನ ಕೂಗು ಹಾಕುತ್ತದೆ.

ನೋವಿಗೆ ಅಂಜಿ ಹಾಸಿಗೆ ಹಿಡಿಯುವುದು ಹಿಂದಿನ ಪದ್ಧತಿ. ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೆಯ ಮಾತನ್ನು ಹೇಳಿತು. ಹೊಸದಾಗಿ ನೋವು ಬಂದವರಲ್ಲಿ, ಎರಡು ದಿನ ಮಲಗಿದವರಿಗಿಂತ ಆದಷ್ಟು ಮಟ್ಟಿಗೆ ದಿನದ ಕೆಲಸ ನಡೆಸಿಕೊಂಡು ಹೋದವರು ಬೇಗ ಚೇತರಿಸಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ದೀರ್ಘಕಾಲದ ನೋವಿಗೆ ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಚಿಕಿತ್ಸೆಯಲ್ಲಿ ಸೇರಿಸಿದೆ. ಸೊಂಟದ ಪಟ್ಟಿಯನ್ನು ವಾಡಿಕೆಯಾಗಿ ಕೊಡುವುದು ಬೇಡವೆಂದಿದೆ.

ಹಾಗಾದರೆ ಈ ನಿಧಾನವನ್ನು ಸಹಿಸುವ ಬಗೆ ಹೇಗೆ? ಒಂದು ಚಿಕ್ಕ ಪುಸ್ತಕವಿಡಿ. ಅದರಲ್ಲಿ ನೋವನ್ನಲ್ಲ, ಮಾಡಿದ ಕೆಲಸವನ್ನು ಬರೆಯಿರಿ. ನಾಲ್ಕು ತಿಂಗಳು ಈ ಸಾಧನೆ ಮಾಡಿದವರಲ್ಲಿ ನಾನೂ ಒಬ್ಬ. ಆರನೆಯ ವಾರದಲ್ಲಿ ನೋವು ಮೊದಲಿನಷ್ಟೇ ಇದೆ ಎನಿಸುತ್ತಿತ್ತು. ಪುಸ್ತಕ ತೆರೆದರೆ, ಮೊದಲ ವಾರ ಹತ್ತು ನಿಮಿಷ ನಿಲ್ಲಲಾರದೆ ಕುರ್ಚಿ ಹುಡುಕುತ್ತಿದ್ದವನು ಈಗ ಅರ್ಧ ಗಂಟೆ ನಿಂತೇ ಪಾಠ ಹೇಳಿದ್ದೆ. ನೋವು ಸುಳ್ಳು ಹೇಳಿರಲಿಲ್ಲ. ಆದರೆ ಪೂರ್ತಿ ಹೇಳಿರಲಿಲ್ಲ. ನಿನ್ನೆಯೊಡನೆ ಇಂದನ್ನು ಹೋಲಿಸಬೇಡಿ, ಪಕ್ಷದೊಡನೆ ಪಕ್ಷವನ್ನು ಹೋಲಿಸಿ.

ಎರಡನೆಯದು, ಒಳ್ಳೆಯ ದಿನದಲ್ಲಿ ಮೈಮರೆಯಬಾರದು. ಇಂದು ಹಗುರವಾಗಿದೆಯೆಂದು ಅಟ್ಟದ ಪಾತ್ರೆಯನ್ನೆಲ್ಲ ಇಳಿಸಿ ಬೆಳಗಿದರೆ ಮುಂದಿನ ಎರಡು ದಿನ ಮಲಗಬೇಕಾದೀತು. ಹತ್ತು ನಿಮಿಷ ನಡೆಯುವುದೆಂದು ಗೊತ್ತುಮಾಡಿದರೆ ಒಳ್ಳೆಯ ದಿನವೂ ಹತ್ತು, ಕೆಟ್ಟ ದಿನವೂ ಆದಷ್ಟು ಹತ್ತು. ವಾರ ಕಳೆದ ಮೇಲೆ ಹನ್ನೆರಡು. ನಡುವೆ ನೋವು ಮರುಕಳಿಸಿದರೆ ಎಲ್ಲವೂ ಮೊದಲಿಗೆ ಬಂತೆಂದು ತಿಳಿಯಬೇಕಾಗಿಲ್ಲ. ಯಾವುದಾದರೊಂದು ವ್ಯಾಯಾಮದಿಂದ ನೋವು ಕಾಲಿಗೆ ಇಳಿಯುತ್ತಿದ್ದರೆ ಬಿಟ್ಟು ಕೂರದೆ ಚಿಕಿತ್ಸಕರಿಗೆ ಹೇಳಿ, ಬದಲಿಸಿ ಕೊಡುತ್ತಾರೆ.

ಮನೆಯವರಿಗೂ ಒಂದು ಮಾತು. “ಇನ್ನೂ ವಾಸಿಯಾಗಿಲ್ಲವೆ?” ಎಂದು ದಿನ ಬೆಳಗಾದರೆ ಕೇಳಬೇಡಿ. ಬೆನ್ನುನೋವಿಗೆ ಪಟ್ಟಿಯಿಲ್ಲ, ಗಾಯವಿಲ್ಲ; ನೋಡುವವರ ಕಣ್ಣಿಗೆ ಅದು ಸೋಮಾರಿತನದಂತೆ ಕಾಣುವುದುಂಟು. ಗೃಹಿಣಿಯ ಪಾಡಂತೂ ಹೇಳತೀರದು. ಅಡುಗೆಯಾಗಬೇಕು, ಬಟ್ಟೆ ಒಗೆಯಬೇಕು, ಎಲ್ಲರ ಊಟವಾದ ಮೇಲೆ ಸಮಯ ಉಳಿದರೆ ಅವಳ ವ್ಯಾಯಾಮ. ಬೆಳಗ್ಗೆ ಅರ್ಧ ಗಂಟೆ ಅವಳನ್ನು ಯಾರೂ ಕರೆಯದಿರುವುದೇ ಮನೆಯವರು ಕೊಡಬಹುದಾದ ದೊಡ್ಡ ಔಷಧ.

ಎಲ್ಲ ಕಡೆಯೂ ತಾಳ್ಮೆ ಗುಣವಲ್ಲ. ಮೂತ್ರ ಕಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಬೆನ್ನುನೋವಿನೊಡನೆ ಜ್ವರ ಬಂದರೆ, ಅದೇ ದಿನ ವೈದ್ಯರನ್ನು ಕಾಣಬೇಕು.

ಉಳಿದವರಿಗೆ ನಮ್ಮ ಹಿರಿಯರ ಗಾದೆಯೇ ಸಾಕು: ತಾಳಿದವನು ಬಾಳಿಯಾನು. ತಾಳು ಎಂಬ ಧಾತುವಿಗೆ ಸಹಿಸು ಎಂಬ ಅರ್ಥವಿರುವಂತೆಯೇ ಧರಿಸು, ಹೊಂದು ಎಂಬ ಅರ್ಥವೂ ಉಂಟು. ರೂಪ ತಾಳಿತು ಎನ್ನುವುದಿಲ್ಲವೆ? ತಾಳುವುದೆಂದರೆ ಕೈಕಟ್ಟಿ ಕೂರುವುದಲ್ಲ, ಒಂದು ನಿಯಮವನ್ನು ಹಿಡಿದು ನಿಲ್ಲುವುದು. ಎಲ್ಲರ ನೋವೂ ಪೂರ್ತಿ ಅಳಿಯುತ್ತದೆಂದು ಹೇಳಲಾರೆ. ಆದರೆ ನೋವು ಸ್ವಲ್ಪ ಉಳಿದಾಗಲೂ ಮೊಮ್ಮಗುವನ್ನು ಎತ್ತಿಕೊಳ್ಳುವ, ಸಂತೆಗೆ ನಡೆದು ಹೋಗಿಬರುವ ಶಕ್ತಿ ಎಷ್ಟೋ ಜನರಿಗೆ ಮರಳಿ ಬಂದಿದೆ. ನಾಳೆ ಬೆಳಗ್ಗೆ ಚಾಪೆ ಹಾಸಲು ಅಷ್ಟು ಭರವಸೆ ಸಾಲದೆ?