ಜೀವವಿಜ್ಞಾನ ಪದವಿ: ಕೈಗೆಟುಕುವ ದಾರಿಗಳು

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಪೋಷಕರು ಕೇಳುವುದು ಒಂದೇ ಪ್ರಶ್ನೆ: "ನೀಟ್‌ನಲ್ಲಿ ಸೀಟು ಸಿಗುವ ಹಾಗೆ ಕಾಣುವುದಿಲ್ಲ, ಇನ್ನೇನು ಓದಿಸುವುದು?" ಬಿಎಸ್ಸಿ ಎಂದರೆ ಮುಖ ಸಣ್ಣದಾಗುತ್ತದೆ. ಕೊನೆಗೆ ಸಾಲ ಮಾಡಿಯಾದರೂ ಹೆಸರು ದೊಡ್ಡದಿರುವ ಯಾವುದೋ ಖಾಸಗಿ ಕೋರ್ಸಿಗೆ ಸೇರಿಸುತ್ತಾರೆ. ಹೆಸರಿಗೆ ಹಣ ಕೊಡಬೇಡಿ ಎಂದು ಹೇಳುವುದಕ್ಕೇ ನಾನು ಇಂದು ಇಲ್ಲಿ ನಿಂತಿದ್ದೇನೆ.

ನಮ್ಮ ರಾಜ್ಯದಲ್ಲಿ 2024-25ರಿಂದ ಮೂರು ವರ್ಷದ, ಮೂರು ವಿಷಯಗಳ ಪದವಿ ಮರಳಿ ಬಂದಿದೆ. ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂಬ ಹಳೆಯ ಸಿಬಿಝಡ್. ಹಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇದು ಇದೆ. ಮೈಸೂರಿನ ಯುವರಾಜ, ಶಿವಮೊಗ್ಗದ ಸಹ್ಯಾದ್ರಿ, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜುಗಳು ವಿಶ್ವವಿದ್ಯಾಲಯಗಳದ್ದೇ ಘಟಕ ಕಾಲೇಜುಗಳು. ಪ್ರವೇಶ ಪಡೆಯುವ ಮುಂಚೆ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಎಷ್ಟು ಮಂದಿಗೆ ಒಂದು ಸೂಕ್ಷ್ಮದರ್ಶಕ ಎಂದು ಎಣಿಸಿ ನೋಡಿ. ಕಟ್ಟಡದ ಗಾಜು ನೋಡಿ ಬರಬೇಡಿ.

ವಿದ್ಯಾರ್ಥಿವೇತನದ ಮಾತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ಇನ್‌ಸ್ಪೈರ್' ಯೋಜನೆಯಲ್ಲಿ, ತಮ್ಮ ಮಂಡಳಿಯ 12ನೇ ತರಗತಿ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿವರೆಗೆ ಸಿಗುತ್ತದೆ. ಅದರ ವಿಷಯಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇವೆ, ಬಯೋಟೆಕ್ನಾಲಜಿ ಇಲ್ಲ! ದುಬಾರಿ ಹೆಸರಿಗೆ ಮರುಳಾದವರಿಗೆ ಈ ಹಣವೂ ತಪ್ಪುತ್ತದೆ.

ಎಲ್ಲರೂ ಶೇ. 1ರೊಳಗೆ ಬರುವುದಿಲ್ಲ, ನಿಜ. ಅಂಥವರಿಗೆ ಶುಲ್ಕಕ್ಕಿಂತ ಊಟ, ವಸತಿ, ಬಸ್ಸಿನ ಖರ್ಚೇ ಭಾರ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ಮೊದಲು ವಿಚಾರಿಸಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಇಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಎಂ.ಡಿ.', ಬ್ಯಾಂಕಿನಲ್ಲಿ ಮತ್ತೊಂದು. ಮಗಳು 'ಬಾನು'ವೋ 'ಬೇಗಂ'ಳೋ ಎಂಬುದನ್ನು ಪಿಯುಸಿ ಓದುವಾಗಲೇ ಸರಿಪಡಿಸಿಕೊಳ್ಳಿ. ಆದಾಯ ಪ್ರಮಾಣಪತ್ರವನ್ನೂ ನಾಡಕಚೇರಿಯಿಂದ ಆಗಲೇ ಮಾಡಿಸಿಡಿ.

ಶಿಕ್ಷಕರಾಗಬೇಕೆನ್ನುವವರಿಗೆ ಇನ್ನೊಂದು ದಾರಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಎನ್‌ಸಿಇಆರ್‌ಟಿಯ ಈ ಸಂಸ್ಥೆಯಲ್ಲಿ ಬಿಎಸ್ಸಿ ಮತ್ತು ಬಿಎಡ್ ಎರಡೂ ಸೇರಿ ನಾಲ್ಕೇ ವರ್ಷ. ಬೇರೆ ಬೇರೆ ಮಾಡಿದರೆ ಐದು. ಬಡ ಮನೆಗೆ ಒಂದು ವರ್ಷ ಉಳಿಯುವುದು ಸಣ್ಣ ಮಾತಲ್ಲ. ಇದಕ್ಕೆ ಪ್ರವೇಶ ಪರೀಕ್ಷೆಯುಂಟು. ಅರ್ಜಿಯ ಪ್ರಕಟಣೆಗೆ ಪಿಯುಸಿ ಎರಡನೇ ವರ್ಷದಲ್ಲೇ ಕಣ್ಣಿಟ್ಟಿರಬೇಕು.

ಕೊನೆಯದಾಗಿ ಸಮಯದ ವಿಚಾರ. ನೀಟ್ ಕೌನ್ಸೆಲಿಂಗ್ ಸುತ್ತಿನ ಮೇಲೆ ಸುತ್ತು ತಿಂಗಳುಗಟ್ಟಲೆ ನಡೆಯುತ್ತದೆ. ಸರ್ಕಾರಿ ಕಾಲೇಜುಗಳು ಅಷ್ಟು ದಿನ ಕಾಯುವುದಿಲ್ಲ. ಕಾದು ಕುಳಿತವರಿಗೆ ಉಳಿಯುವುದು ದುಬಾರಿ ಸೀಟುಗಳು ಮಾತ್ರ. ಆದ್ದರಿಂದ ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಅರ್ಜಿ ಹಾಕಿ. ಮೂಲ ಅಂಕಪಟ್ಟಿ ಒಪ್ಪಿಸುವ ಮುನ್ನ, ನೀಟ್ ಸೀಟು ಸಿಕ್ಕರೆ ಅದನ್ನು ಹೇಗೆ, ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆಂದು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.