ಹೆಬ್ಬೆರಳು ಒತ್ತಿದರೆ ಸಾಕೇ?
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ಹೊಟೇಲಿನ ಬಂಧುಗಳೇ, ಮಿಲ್ಲು ಕಂಡ ಹಿರಿಯರೇ,

ಸಂಘ ಕಟ್ಟಲು ಹೊರಟಾಗಲೆಲ್ಲ ನಾವು ಕೇಳುವ ಮಾತು ಒಂದೇ: “ಸಂಬಳ ಹೆಚ್ಚಿದರೆ ಸುಮ್ಮನಿದ್ದವನಿಗೂ ಹೆಚ್ಚುತ್ತದೆ. ಮುಂದೆ ನಿಂತು ಕೆಲಸ ಕಳೆದುಕೊಳ್ಳುವುದು ಏಕೆ?” ಲೆಕ್ಕವೇನೋ ಸರಿ. ಆದರೂ ಜನ ಬರುತ್ತಾರೆ. ಏಕೆ?

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ಲು ಕಾರ್ಮಿಕರು ಈ ನಗರದಲ್ಲಿ ಮುಷ್ಕರ ಹೂಡಿದರು. ಆಗ ಯಾರ ಜೇಬಿನಲ್ಲೂ ಫೋನಿರಲಿಲ್ಲ. ಒಂದೇ ಚಾಳಿನ ನಲ್ಲಿಯಲ್ಲಿ ನೀರು ಹಿಡಿದವರು, ಒಂದೇ ಖಾನಾವಳಿಯಲ್ಲಿ ಉಂಡವರು. ಒಬ್ಬ ಕದ್ದು ಪಾಳಿಗೆ ಹೋದರೆ ಸಂಜೆಯೊಳಗೆ ಚಾಳಿಗೆಲ್ಲ ಗೊತ್ತು. ಮುಷ್ಕರ ಗೆಲ್ಲಲಿಲ್ಲ, ನಿಜ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಆದರೆ ವರ್ಷಕ್ಕೂ ಮೀರಿ ಅವರನ್ನು ನಿಲ್ಲಿಸಿದ್ದು ಆ ನೆರೆಹೊರೆಯೇ.

ಈಗ ಸುದ್ದಿ ಅಂಗೈಯಲ್ಲಿದೆ. 2019ರ ಅಕ್ಟೋಬರ್ 4ರ ರಾತ್ರಿ ಗೋರೆಗಾಂವಿನ ಆರೇ ಕಾಲೊನಿಯಲ್ಲಿ ಮೆಟ್ರೊ ಕಾರ್‌ಶೆಡ್ಡಿಗಾಗಿ ಮರ ಕಡಿಯತೊಡಗಿದಾಗ ಫೋನಿನಿಂದ ಫೋನಿಗೆ ಸುದ್ದಿ ಹಾರಿ, ಜನ ರಾತ್ರಿಯೇ ಓಡಿಬಂದರು. 29 ಮಂದಿಯ ಬಂಧನವಾಯಿತು. ಫೋನೇ ಅವರನ್ನು ತಂದಿತೆಂದು ತಿಳಿಯಬೇಡಿ. ಅದಕ್ಕೂ ಮೊದಲೇ ಭಾನುವಾರಗಳಲ್ಲಿ ಜನ ಅಲ್ಲಿ ಕೈಕೈ ಹಿಡಿದು ನಿಂತಿದ್ದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿತ್ತು.

ನಮ್ಮ ಅನುಭವವೂ ಇದೇ. ಒಂದು ಹೊಟೇಲಿನಲ್ಲಿ ಮೂರು ತಿಂಗಳ ಸಂಬಳ ಬಾಕಿ. “ನಾಳೆ ಎಲ್ಲರೂ ಕೂಡಿ ಕೇಳೋಣ” ಎಂದು ವಾಟ್ಸಾಪಿನಲ್ಲಿ ಹಾಕಿದೆವು. ನಲವತ್ತು ಹೆಬ್ಬೆರಳು ಮೇಲೆದ್ದವು. ಬೆಳಿಗ್ಗೆ ಗಲ್ಲೆಯ ಮುಂದೆ ನಿಂತವರು ನಾವು ಏಳೇ ಮಂದಿ!

ಆ ರಾತ್ರಿ ಹುಡುಗರು ಮಲಗುವ ಅಟ್ಟಕ್ಕೆ ಹತ್ತಿದೆವು. ಕುಂದಾಪುರ ಕಡೆಯ ಒಬ್ಬ ಕ್ಲೀನರ್ ಹುಡುಗ ಹೇಳಿದ: “ಅಣ್ಣಾ, ಉಳಿದವರು ಬರುತ್ತಾರೋ ಇಲ್ಲವೋ ನನಗೇನು ಗೊತ್ತು? ನಾನೊಬ್ಬನೇ ಸಿಕ್ಕಿಬಿದ್ದರೆ ಊರಿಗೆ ಹೋಗಲು ಬಸ್ಸಿನ ದುಡ್ಡೂ ಇಲ್ಲ.” ಅವನು ಹೇಡಿಯಲ್ಲ, ಒಂಟಿ. ಅಡಿಗೆಯ ಭಟ್ಟರು ಎದ್ದು ಬಂದು, “ನನ್ನ ಪಕ್ಕದಲ್ಲಿ ನಿಲ್ಲು ಮಾರಾಯಾ” ಎಂದರು. ಮರುದಿನ ಮೂವತ್ತಕ್ಕೂ ಹೆಚ್ಚು ಜನ ನಿಂತರು. ಒಂದು ತಿಂಗಳ ಸಂಬಳ ಆ ವಾರವೇ ಬಂತು, ಉಳಿದದ್ದು ಕಂತಿನಲ್ಲಿ.

ಬಂಧುಗಳೇ, ಮನುಷ್ಯ ಬರಿಯ ಲಾಭದ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದವನು ಬರುತ್ತಾನೆಂಬ ಧೈರ್ಯಕ್ಕೆ ಬರುತ್ತಾನೆ. ತಾನು ಬಾರದಿದ್ದರೆ ನಾಳೆ ಅವನಿಗೆ ಹೇಗೆ ಮುಖ ತೋರಿಸಲೆಂಬ ನಾಚಿಕೆಗೆ ಬರುತ್ತಾನೆ. ಫೋನು ಡಂಗುರ ಸಾರಲಿ, ಬೇಡವೆನ್ನುವುದಿಲ್ಲ. ಕೈ ಹಿಡಿದು ಕರೆತರುವ ಕೆಲಸ ನಮ್ಮದು. ಮುಂದಿನ ಸಭೆಗೆ ಒಬ್ಬೊಬ್ಬರೂ ಇಬ್ಬರನ್ನು ಕಂಡು, ಮಾತಾಡಿ, ಜೊತೆಯಲ್ಲಿ ಕರೆದುಕೊಂಡು ಬನ್ನಿ.