ಮನೆಯ ಕಲ್ಲಿಗೆ ಅಂಜಬೇಕೆ?

(ಸುವರ್ಣ ಮಹೋತ್ಸವ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈಚೆಗೆ ಮನೆ ಕಟ್ಟಿಸುವವರು ಕೇಳುತ್ತಾರೆ: "ಗ್ರಾನೈಟ್ ಹಾಕಿಸಿದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ?" ಆ ಪ್ರಶ್ನೆಗೆ ನನಗೆ ತಿಳಿದ ಉತ್ತರವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಗ್ರಾನೈಟಿನಲ್ಲಿ ವಿಕಿರಣ ಇರುವುದು ನಿಜ. ಭೂಮಿಯೊಳಗಿನ ಶಿಲಾಪಾಕ ನಿಧಾನವಾಗಿ ತಣಿದು ಗ್ರಾನೈಟ್ ಆಗುವಾಗ ಅಲ್ಪಸ್ವಲ್ಪ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಅದರಲ್ಲಿ ಸೇರಿಕೊಳ್ಳುತ್ತವೆ. ನಮ್ಮ ಇಳಕಲ್ಲಿನ ಕಡೆ ಸಿಗುವಂಥ ಕೆಂಪು ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಇವು ಹೆಚ್ಚು. ಚಾಮರಾಜನಗರದ ಕಡೆಯ ಕರಿಕಲ್ಲಿನಲ್ಲಿ ಕಡಿಮೆ. ಅಂಗಡಿಯಲ್ಲಿ ಅದನ್ನೂ ಗ್ರಾನೈಟ್ ಎಂದೇ ಮಾರುತ್ತಾರೆ, ಆದರೆ ಅದು ಬೇರೆ ಜಾತಿಯ ಶಿಲೆ.

ಹಾಗೆಂದು ಗಾಬರಿ ಬೇಡ. ಮಣ್ಣಿನಲ್ಲಿ, ಇಟ್ಟಿಗೆಯಲ್ಲಿ, ಬಾಳೆಹಣ್ಣಿನಲ್ಲಿ, ನಮ್ಮ ಮೈಯಲ್ಲಿಯೂ ವಿಕಿರಣವಿದೆ. ನಿಸರ್ಗದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅಡುಗೆಕಟ್ಟೆಯ ಒಂದು ಚಪ್ಪಡಿ ಇದಕ್ಕೆ ಕೂಡಿಸುವುದು ಸಾಮಾನ್ಯವಾಗಿ ತೀರ ಅಲ್ಪ.

ಎಚ್ಚರ ಬೇಕಾದದ್ದು ರೇಡಾನ್ ಎಂಬ ಅನಿಲದ ವಿಷಯದಲ್ಲಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯುರೇನಿಯಂ ಕ್ರಮೇಣ ರೇಡಿಯಂ ಆಗಿ, ಆ ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಮನೆಯೊಳಗೆ ಅದು ಬರುವುದು ಹೆಚ್ಚಾಗಿ ಅಡಿಪಾಯದ ಕೆಳಗಿನ ನೆಲದಿಂದ. ಮುಚ್ಚಿದ ಕೋಣೆಯಲ್ಲಿ ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಸಾಧ್ಯವಾದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅದು 100 ಬೆಕ್ವೆರೆಲ್ ಮೀರದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಮಾಡಬಹುದಾದದ್ದು ಸುಲಭ: ನೆಲದ ಬಿರುಕು ಮುಚ್ಚಿಸಿ, ದಿನವೂ ಕಿಟಕಿ ತೆರೆಯಿರಿ. ಎದುರುಬದುರು ಕಿಟಕಿ ಇಟ್ಟರೆ ಗಾಳಿ ಚೆನ್ನಾಗಿ ಆಡುತ್ತದೆ.

ಆದರೆ ಬಂಧುಗಳೇ, ಕಲ್ಲಿನ ವಿಷಯದಲ್ಲಿ ನಿಜವಾಗಿ ಅಂಜಬೇಕಾದದ್ದು ಅದರ ದೂಳಿಗೆ. ಗ್ರಾನೈಟಿನಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಬೆಣಚುಕಲ್ಲಿನ ಅಂಶವಿರುತ್ತದೆ. ಕೊರೆಯುವಾಗ, ಕತ್ತರಿಸುವಾಗ ಏಳುವ ಆ ನುಣುಪು ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಜೊತೆಗೆ ಕ್ಷಯವೂ ಬೇಗ ಹತ್ತುತ್ತದೆ. ನೀರು ಬಿಟ್ಟುಕೊಂಡು ಕತ್ತರಿಸಿದರೆ ದೂಳು ಬಹಳ ಮಟ್ಟಿಗೆ ಅಡಗುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ದೂಳು ತಡೆಯುವ ಸರಿಯಾದ ಮಾಸ್ಕ್ ಬೇಕು.

ಈ ಶಾಲೆಯ ಬೆಂಚಿನಲ್ಲಿ ಕುಳಿತು ಓದಿದ ಎಷ್ಟೋ ಹುಡುಗರು ಇಂದು ಕ್ವಾರಿಯಲ್ಲಿ, ಪಾಲಿಶ್ ಘಟಕದಲ್ಲಿ ದುಡಿಯುತ್ತಿದ್ದಾರೆ. ಮನೆಗೆ ಕಲ್ಲು ಕೊಳ್ಳುವ ನಾವು ಅದರ ಹೊಳಪು ನೋಡುತ್ತೇವೆ, ದರ ಕೇಳುತ್ತೇವೆ. "ನೀರು ಬಿಟ್ಟು ಕತ್ತರಿಸುತ್ತೀರಾ? ಹುಡುಗರಿಗೆ ಮಾಸ್ಕ್ ಕೊಟ್ಟಿದ್ದೀರಾ?" ಎಂದೂ ಕೇಳೋಣ. ಕೊಳ್ಳುವವರು ಕೇಳಿದರೆ ಮಾರುವವರು ಕಿವಿಗೊಡುತ್ತಾರೆ.